ಪ್ರತಿಕ್ರಿಯೆ: ಹತ್ತು ವರ್ಷದ ನಂತರ ಮತ್ತೆ ಓದಲು ಯಾವ ಪುಸ್ತಕ?

ನಮಸ್ಕಾರ. ಕಾಲೇಜು ಬಿಟ್ಟ ಮೇಲೆ ಓದು ನಿಂತೇ ಹೋಗಿದೆ, ತುಮಕೂರು-ಬೆಂಗಳೂರು ರೈಲಿನಲ್ಲಿ ಓದೋಕೆ ಬೇರೆಬೇರೆ ಬಗೆಯ ನಾಲ್ಕೈದು ಕನ್ನಡ ಪುಸ್ತಕ ಹೇಳಿ ಅಂದಿದ್ದೀರಿ.

ಪೂರ್ಣಚಂದ್ರ ತೇಜಸ್ವಿಯವರ ಕಾದಂಬರಿ 'ಕರ್ವಾಲೊ'ದಿಂದಲೇ ಶುರು ಮಾಡಿ. ಎಲ್ಲರೂ ಇದನ್ನೇ ಹೇಳ್ತಾರೆ, ನಿಜ. ಆದರೂ ಬಿಟ್ಟ ಓದನ್ನು ಮತ್ತೆ ಹಿಡಿಸೋಕೆ ಇದರಷ್ಟು ಸಲೀಸಾದದ್ದು ನನಗೆ ಸಿಕ್ಕಿಲ್ಲ. ಹಾರುವ ಓತಿ ಹುಡುಕಿ ಹೊರಟ ವಿಜ್ಞಾನಿ, ಜೊತೆಗೆ ಹಳ್ಳಿಯ ಮಂದಣ್ಣ. ರೈಲಿನಲ್ಲಿ ಒಬ್ಬರೇ ನಕ್ಕರೆ ಪಕ್ಕದವರು ನೋಡ್ತಾರೆ, ಅಷ್ಟೇ ತೊಂದರೆ.

ಆಮೇಲೆ ಸಿದ್ಧಲಿಂಗಯ್ಯನವರ ಆತ್ಮಕತೆ 'ಊರುಕೇರಿ'. ಮನುಷ್ಯರೇ ನೊಗ ಹೊತ್ತು ಉಳುವ ದೃಶ್ಯ ಶುರುವಿನಲ್ಲೇ ಬರುತ್ತೆ. ಹುಡುಗ ಅದನ್ನು ಮೋಜಿನಿಂದ ನೋಡ್ತಾನೆ, ನೊಗಕ್ಕೆ ಹೆಗಲು ಕೊಟ್ಟವರಲ್ಲಿ ಒಬ್ಬರು ಅವನ ಅಪ್ಪನೇ. ಇಷ್ಟು ನೋವನ್ನು ಇಷ್ಟು ನಗಿಸುತ್ತಾ ಹೇಳಿದವರು ಕಡಿಮೆ. ನಾನು ಎರಡನೇ ಸಲ ಓದಿದಾಗಲೇ ಆ ನಗುವಿನ ಹಿಂದಿನದು ಪೂರ್ತಿ ಕಂಡದ್ದು. ಹಾಗಾಗಿ ಅವಸರ ಮಾಡಬೇಡಿ.

ವಿವೇಕ ಶಾನಭಾಗರ 'ಘಾಚರ್ ಘೋಚರ್' ತೆಳ್ಳಗಿದೆ, ಒಂದೆರಡು ದಿನದ ಪ್ರಯಾಣಕ್ಕೆ ಮುಗಿಯುತ್ತೆ. ದಿಢೀರ್ ದುಡ್ಡು ಬಂದ ಮನೆಯೊಂದರ ಕತೆ. ಕೊನೆಯ ಪುಟದ ಬಗ್ಗೆ ಮೊದಲೇ ಯಾರನ್ನೂ ಕೇಳಬೇಡಿ.

ಸಣ್ಣಕತೆ ಬೇಕಿದ್ದರೆ ಬಾನು ಮುಷ್ತಾಕ್. 2025ರ ಅಂತರರಾಷ್ಟ್ರೀಯ ಬೂಕರ್ ಬಂದದ್ದು ದೀಪಾ ಭಾಸ್ತಿ ಮಾಡಿದ ಇಂಗ್ಲಿಷ್ ಅನುವಾದಕ್ಕೆ. ನೀವು ಕನ್ನಡದಲ್ಲೇ ಓದಿ, 'ಎದೆಯ ಹಣತೆ' ಕತೆ ಮೊದಲು.

ವಸುಧೇಂದ್ರರ 'ತೇಜೋ ತುಂಗಭದ್ರಾ' ಲಿಸ್ಬನ್ನಿಂದ ವಿಜಯನಗರದವರೆಗೆ ಸುತ್ತಾಡಿಸುತ್ತೆ, ಆದರೆ ದಪ್ಪ ಪುಸ್ತಕ. ನಿಂತು ಹೋಗೋ ದಿನ ಕೈ ನೋಯುತ್ತೆ. ಅದನ್ನು ದಸರಾ ರಜೆಗೆ ಇಟ್ಟುಕೊಳ್ಳಿ.