ಕೋತಿ ಲಸಿಕೆ ಎಂಬ ಮಾತು

ಪತ್ರ: ರಷ್ಯಾದ ಸರ್ಕಾರಿ ವಾಹಿನಿಗಳು ಕೋವಿಡ್ ಕಾಲದಲ್ಲಿ ದಾರಿ ತಪ್ಪಿಸಿದವು ಎಂದು ಬರೆದಿದ್ದೀರಿ. ಸ್ಪುಟ್ನಿಕ್ ವಿ ಒಳ್ಳೆಯ ಲಸಿಕೆಯೇ ಆಗಿತ್ತಲ್ಲ? ತಮ್ಮ ದೇಶದ್ದನ್ನು ಹೊಗಳಿದರೆ ತಪ್ಪೇನು? – ಓದುಗರೊಬ್ಬರು, ಶಿವಮೊಗ್ಗ

ಹೊಗಳಿದ್ದಕ್ಕೆ ನಮ್ಮ ತಕರಾರಿಲ್ಲ. ಮೂರನೇ ಹಂತದ ಪ್ರಯೋಗ ಮುಗಿಯದೆ, 2020ರ ಆಗಸ್ಟ್ 11ರಂದೇ ಅದಕ್ಕೆ ಮಂಜೂರಾತಿ ಕೊಟ್ಟದ್ದು ಅವಸರದ ಕೆಲಸ, ನಿಜ. ಆದರೆ 2021ರ ಫೆಬ್ರವರಿಯಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ವರದಿ ಅದು ಶೇ 91.6ರಷ್ಟು ಪರಿಣಾಮಕಾರಿ ಎಂದಿತು. ನಮಗೆ ನೋವಾಗಿದ್ದು ಬೇರೆಯವರ ಲಸಿಕೆಗಳ ಬಗ್ಗೆ ಹಬ್ಬಿಸಿದ ಮಾತಿನಿಂದ.

ಒಂದು ಚಿತ್ರ ಹೇಳುತ್ತೇನೆ. ಬಿಳಿ ಕೋಟು ಹಾಕಿದ ಚಿಂಪಾಂಜಿ. ಕೋಟಿನ ಮೇಲೆ ಬ್ರಿಟನ್ನಿನ ಲಸಿಕೆ ಕಂಪನಿ ಆಸ್ಟ್ರಾಜೆನೆಕಾದ ಹೆಸರು, ಕೈಯಲ್ಲಿ ಸಿರಿಂಜು. ಈ ಲಸಿಕೆ ತಗೊಂಡರೆ ಕೋತಿ ಆಗ್ತೀರಿ ಅನ್ನೋ ಅರ್ಥ. ಇಂಥ ಚಿತ್ರಗಳು ರಷ್ಯಾದ ಸರ್ಕಾರಿ ಟಿವಿಯ ಸುದ್ದಿ ಕಾರ್ಯಕ್ರಮ 'ವೆಸ್ತಿ'ಯಲ್ಲೂ ಬಂದವು ಎಂದು 2020ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಟೈಮ್ಸ್ ವರದಿ ಮಾಡಿತು. ನಮ್ಮಲ್ಲಿ ಬಹುಪಾಲು ಜನ ಹಾಕಿಸಿಕೊಂಡ ಕೋವಿಶೀಲ್ಡ್ ಇದೇ ಲಸಿಕೆ. ಅದರಲ್ಲಿ ಚಿಂಪಾಂಜಿಯ ನೆಗಡಿ ವೈರಸ್ ಬಳಸಿದ್ದು ಹೌದು, ಆದರೆ ಮೈಯೊಳಗೆ ಬೆಳೆಯದ ಹಾಗೆ ಮಾಡಿ. ಸ್ಪುಟ್ನಿಕ್‌ನದೂ ಅದೇ ವಿಧಾನ, ವೈರಸ್ ಮಾತ್ರ ಮನುಷ್ಯರದ್ದು. ಎರಡೇ ತಿಂಗಳಲ್ಲಿ, ಡಿಸೆಂಬರ್‌ನಲ್ಲಿ, ಎರಡೂ ಲಸಿಕೆಗಳನ್ನು ಬೆರೆಸಿ ಕೊಡುವ ಪ್ರಯೋಗಕ್ಕೆ ರಷ್ಯಾದವರೇ ಆಸ್ಟ್ರಾಜೆನೆಕಾ ಜೊತೆ ಕೈಜೋಡಿಸಿದರು! ಆ ಹೊತ್ತಿಗೆ ಎಷ್ಟು ಜನರ ತಲೆಯಲ್ಲಿ ಆ ಚಿಂಪಾಂಜಿ ಕೂತಿತ್ತೋ.

ರಷ್ಯಾದ ಸರ್ಕಾರಿ ವಾಹಿನಿ ಆರ್‌ಟಿಯ ಜರ್ಮನ್ ಚಾನೆಲ್ಲುಗಳನ್ನು ಯೂಟ್ಯೂಬ್ 2021ರ ಸೆಪ್ಟೆಂಬರ್‌ನಲ್ಲಿ ತೆಗೆದುಹಾಕಿದ್ದೂ ಕೋವಿಡ್ ತಪ್ಪು ಮಾಹಿತಿಯ ಕಾರಣಕ್ಕೇ.

ಇದು ಹಳೇ ಚಾಳಿ. 1983ರ ಜುಲೈನಲ್ಲಿ ದೆಹಲಿಯ 'ಪೇಟ್ರಿಯಟ್' ಪತ್ರಿಕೆಗೆ ಒಂದು ಓದುಗರ ಪತ್ರ ಬಂತು. ಏಡ್ಸ್ ವೈರಸ್ಸನ್ನು ಅಮೆರಿಕದ ಸೇನೆಯೇ ತಯಾರಿಸಿತು ಅಂತ. ಬರೆದವರ ಹೆಸರಿಲ್ಲ, 'ಹೆಸರಾಂತ ಅಮೆರಿಕನ್ ವಿಜ್ಞಾನಿ' ಎಂದಷ್ಟೇ. 1985ರಲ್ಲಿ ಮಾಸ್ಕೋದ ಪತ್ರಿಕೆಯೊಂದು ಅದನ್ನೇ ಆಧಾರ ಮಾಡಿಕೊಂಡು ಬರೆಯಿತು, ಸುದ್ದಿ ಜಗತ್ತೆಲ್ಲ ಸುತ್ತಿತು. ಅದರ ಹಿಂದೆ ಇದ್ದದ್ದು ಸೋವಿಯತ್ ಗುಪ್ತಚರರು. ದಿನಾ ಓದುಗರ ಪತ್ರ ಬಿಡಿಸುವ ನನಗೆ ಇದು ಸುಮ್ನೆ ಮರೆಯುವ ವಿಷಯವಲ್ಲ.

ಇನ್ನು ರಷ್ಯಾದ ಜನರ ಕಡೆ ನೋಡಿ. ಲಸಿಕೆ ಬೇಡ ಅನ್ನುವವರು ಅಲ್ಲೂ ಬಹಳ ಜನ ಇದ್ದರು. ಸರ್ಕಾರದ ಮೇಲಿನ ಹಳೇ ಅಪನಂಬಿಕೆಯೂ ಅದಕ್ಕೆ ಕಾರಣ. ಆದರೆ ಲಸಿಕೆ ಅಂದರೆ ಅಪಾಯ ಎಂದು ಟಿವಿಯಲ್ಲಿ ಕೇಳಿದವರು, ಸ್ಪುಟ್ನಿಕ್ ಒಂದನ್ನು ಮಾತ್ರ ಬೇರೆ ಅಂತ ನಂಬುತ್ತಾರಾ? 2021ರ ಅಕ್ಟೋಬರ್‌ನಲ್ಲಿ ಅಲ್ಲಿ ಕೋವಿಡ್‌ನಿಂದ ದಿನಕ್ಕೆ ಸಾವಿರಕ್ಕೂ ಹೆಚ್ಚು ಜನ ಸತ್ತರು. ಪೂರ್ತಿ ಲಸಿಕೆ ಹಾಕಿಸಿಕೊಂಡವರು ಮೂರರಲ್ಲಿ ಒಬ್ಬರಷ್ಟೇ. ಸ್ಪುಟ್ನಿಕ್ ಅಲ್ಲಿ ಪುಕ್ಕಟೆಯಾಗಿ ಸಿಗುತ್ತಿತ್ತು.