ಒಗ್ಗಿಕೊಂಡವನಿಗೂ ನಿದ್ದೆ ಬಾರದು

ಹೆಸರು, ಕೆಲಸ, ಕೆಲವು ವಿವರ ಬದಲಿಸಿದ್ದೇನೆ. ಅವನನ್ನು ತೆನ್ಜಿನ್ ಎನ್ನೋಣ. ಟಿಬೆಟ್ ನಿರಾಶ್ರಿತರ ಕ್ಯಾಂಪಿರುವ ಬೈಲಕುಪ್ಪೆಯಲ್ಲಿ ಆ ಹೆಸರು ಕೂಗಿದರೆ ಬೀದಿಗೆ ಬೀದಿಯೇ ತಿರುಗಿ ನೋಡುತ್ತದೆ, ಗುರುತು ಸಿಗುವ ಭಯವಿಲ್ಲ.

ವಯಸ್ಸು ಮೂವತ್ತು ದಾಟಿದೆ. ಮೈಸೂರಿನ ಹೋಟೆಲೊಂದರಲ್ಲಿ ಅಡುಗೆ ಕೆಲಸ. ಚಿಕ್ಕವನಿದ್ದಾಗ ಅಪ್ಪ ಅಮ್ಮ ಅವನನ್ನು ಒಂದು ಗುಂಪಿನ ಜೊತೆ ಹಿಮಾಲಯ ದಾಟಿಸಿ, ನೇಪಾಳದ ಮೂಲಕ ಭಾರತಕ್ಕೆ ಕಳಿಸಿದ್ದರು. 2008ಕ್ಕೆ ಮೊದಲು ಹಾಗೆ ಬಂದ ಟಿಬೆಟ್ ಮಕ್ಕಳು ತುಂಬಾ ಜನ. ಬೆಳೆದದ್ದೆಲ್ಲ ಹಾಸ್ಟೆಲಿನಲ್ಲಿ.

ನಿದ್ದೆ ಇಲ್ಲ, ಎದೆ ಹಿಡಿದ ಹಾಗಾಗುತ್ತದೆ ಅಂತ ಡಾಕ್ಟರ ಹತ್ತಿರ ಹೋಗಿದ್ದ. ಇಸಿಜಿ ಸರಿಯಿತ್ತು. ‘ಹೊಂದಾಣಿಕೆಯ ತೊಂದರೆ’ ಎಂದು ಬರೆದು ಆಪ್ತಸಮಾಲೋಚನೆಗೆ ನನ್ನ ಬಳಿ ಕಳಿಸಿದ್ದರು. ಹೊಂದಾಣಿಕೆಯಾ? ಅವನ ಕನ್ನಡ ಅಪ್ಪಟ ಮೈಸೂರು ಕಡೆಯದು. ಹೆಂಡತಿ, ಮಗು, ಬೈಲಕುಪ್ಪೆ ಕ್ಯಾಂಪಿನಲ್ಲಿ ಮನೆ, ಎಲ್ಲ ಇದೆ.

ಎರಡನೇ ಸಲ ಬಂದಾಗ ಜೇಬಿನಿಂದ ಹಳೇ ಫೋನ್ ತೆಗೆದ. ಗಾಜು ಒಡೆದಿತ್ತು. ದಿನಾ ರಾತ್ರಿ ಅದನ್ನು ಚಾರ್ಜ್ ಮಾಡುತ್ತಾನಂತೆ. ಅದರೊಳಗೆ ವೀಚಾಟ್ ಎಂಬ ಮೆಸೇಜ್ ಆ್ಯಪ್, ವೀಚಾಟಿನಲ್ಲಿ ಅಪ್ಪನ ಧ್ವನಿ ಸಂದೇಶಗಳು. 2020ರ ಜೂನ್‌ನಲ್ಲಿ ನಮ್ಮ ಸರ್ಕಾರ ಚೀನಾದ 59 ಆ್ಯಪ್‌ಗಳನ್ನು ನಿಷೇಧಿಸಿತಲ್ಲ, ಆ ಪಟ್ಟಿಯಲ್ಲಿ ಇದೂ ಇತ್ತು. ನಮಗೆ ಅದು ಒಂದು ದಿನದ ಸುದ್ದಿ. ಟಿಬೆಟ್‌ನಲ್ಲಿ ಮನೆಯವರಿರುವ ಎಷ್ಟೋ ಜನರಿಗೆ ಮಾತಿನ ದಾರಿಯೇ ಮುಚ್ಚಿತು. ನೇರ ಫೋನ್ ಮಾಡೋಣವೆಂದರೆ, ಹೊರದೇಶದ ಕರೆಗಳ ಮೇಲೆ ಅಲ್ಲಿ ಕಣ್ಣಿರುತ್ತದೆ, ಅಮ್ಮನಿಗೆ ತೊಂದರೆಯಾದರೆ ಎಂಬ ಹೆದರಿಕೆ.

ಅಪ್ಪ ತೀರಿಕೊಂಡ ವಿಷಯ ಯಾರಿಂದಲೋ ತಿಳಿದಾಗ ತಿಂಗಳುಗಳೇ ಕಳೆದಿದ್ದವು. ಅವರಲ್ಲಿ ಸತ್ತವರಿಗಾಗಿ 49 ದಿನ ಪ್ರಾರ್ಥನೆ ನಡೆಯುತ್ತದೆ. ಅದು ತಪ್ಪಿಹೋಗಿತ್ತು. “ನಾನು ಆವತ್ತು ಬಿರಿಯಾನಿ ಮಾಡ್ತಿದ್ನೋ ಏನೋ ಮೇಡಂ,” ಎಂದ. ಹೆಂಡತಿಗೂ ಹೇಳಿಲ್ಲ. ಯಾರಾದರೂ “ನೀನು ನಮ್ಮವನೇ ಬಿಡಪ್ಪ” ಎಂದರೆ ಸಿಟ್ಟು ಬರುತ್ತದಂತೆ. ಆ ಮಾತಿನಲ್ಲಿ ಪ್ರೀತಿ ಇದೆ, ನಿಜ. ಆದರೆ ಅಂಥವರ ಮುಂದೆ ಅಳುವುದು ಹೇಗೆ? ಚೆನ್ನಾಗಿ ಒಗ್ಗಿಕೊಂಡವರ ದುಃಖ ಯಾರ ಕಣ್ಣಿಗೂ ಬೀಳದೆ ಉಳಿಯುವುದು ಹೀಗೇ ಎಂದು ನನಗನ್ನಿಸುತ್ತದೆ.

ಇನ್ನಷ್ಟು ಹೊಂದಿಕೊಳ್ಳಿ ಎಂದು ನಾನು ಹೇಳಲಿಲ್ಲ. ಇದು ಕಾಯಿಲೆಗಿಂತ ಜಾಸ್ತಿ, ಶೋಕಿಸಲು ಜಾಗ ಸಿಗದ ಶೋಕ ಎಂದು ವಿವರಿಸಿದೆ. 49 ದಿನದ ಪ್ರಶ್ನೆ ನನ್ನದಲ್ಲ. ಅದನ್ನು ಕ್ಯಾಂಪಿನ ಹಿರಿಯ ಲಾಮಾ ಒಬ್ಬರಲ್ಲಿ ಕೇಳಲು ಹೇಳಿದೆ. ತಡವಾದರೂ ಪೂಜೆ ಮಾಡಿಸಬಹುದು ಎಂದರಂತೆ. ಬೆಣ್ಣೆ ದೀಪ ಹಚ್ಚಿಸಿ ಬಂದ ರಾತ್ರಿ ನಾಲ್ಕು ಗಂಟೆ ನಿದ್ದೆ ಮಾಡಿದ.

ಉಳಿದದ್ದು ಸಣ್ಣಪುಟ್ಟ ಸಲಹೆ. ಮಲಗುವ ಹೊತ್ತಿಗೆ ಟಿಬೆಟ್ ವಿಡಿಯೋ ಬೇಡ. ಅಂಗಡಿಯಿಂದ ಸುಮ್ನೆ ನಿದ್ದೆ ಮಾತ್ರೆ ತಂದು ನುಂಗಬೇಡ. ನಿರಾಶ್ರಿತರ ಗುರುತುಪತ್ರ, ಅವರ ಮಾತಲ್ಲಿ ‘ಆರ್‌ಸಿ’, ನವೀಕರಿಸುವ ದಿನ ಹತ್ತಿರ ಬಂದಾಗ ಎದೆನೋವು ಹೆಚ್ಚುತ್ತಿತ್ತು. ಹಾಗಾಗಿ ಕಾಗದಪತ್ರ ತಿಂಗಳು ಮೊದಲೇ ಜೋಡಿಸಿಡು ಎಂದೆ. ಬದುಕೇ ಬೇಡ ಅನ್ನಿಸಿದರೆ ಯಾವ ಹೊತ್ತಿಗಾದರೂ 14416ಕ್ಕೆ ಕರೆ ಮಾಡು, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್, ಕನ್ನಡದಲ್ಲೇ ಮಾತಾಡುತ್ತಾರೆ ಎಂದೂ ಹೇಳಿದೆ. ತನ್ನ ಹಾಗೆಯೇ ಬೆಟ್ಟ ದಾಟಿ ಬಂದ ಹಾಸ್ಟೆಲ್ ಗೆಳೆಯರೊಂದಿಗೆ ವಾರಕ್ಕೊಮ್ಮೆ ಕೂರುವುದು ಅವನದೇ ಯೋಚನೆ. ನನ್ನ ಸಲಹೆಗಳಿಗಿಂತ ಅದೇ ಹೆಚ್ಚು ಕೆಲಸ ಮಾಡಿದೆ.

ಎದೆನೋವು ಕಡಿಮೆಯಾಗಿದೆ, ಸಿಟ್ಟು ಇನ್ನೂ ಇದೆ. ಮುಂದಿನ ಸಲ ಹೆಂಡತಿಯನ್ನೂ ಕರೆತರಲು ಒಪ್ಪಿದ್ದಾನೆ.