ಉಕ್ರೇನಿನವರ ತಾತ್ಕಾಲಿಕ ರಕ್ಷಣೆ 2027ರ ಮಾರ್ಚ್‌ಗೆ ಮುಗಿದರೆ, ಪೋಲೆಂಡಿನಲ್ಲಿರುವವರು ಜರ್ಮನಿಗೆ ಹೋಗಬೇಕೆ?

ಓದುವ ಬೇರೆಯವರಿಗೂ ತಿಳಿಯಲಿ ಅಂತ ನಿಮ್ಮ ಪ್ರಶ್ನೆಯನ್ನು ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ನೀವು ಯುದ್ಧ ಶುರುವಾಗುವವರೆಗೂ ಖಾರ್ಕಿವ್‌ನಲ್ಲಿ ವೈದ್ಯಕೀಯ ಓದುತ್ತಿದ್ದಿರಿ. ಬಾಡಿಗೆಗಿದ್ದ ಮನೆಯ ಅಜ್ಜಿ ಇನ್ನೂ ಅಲ್ಲೇ ಇದ್ದಾರೆ. ಅವರ ಮಗಳು ಹದಿನಾರರ ಮಗ, ಒಂಬತ್ತರ ಮಗಳ ಜೊತೆ ಪೋಲೆಂಡಿನ ವ್ರೊತ್ಸ್ವಾಫ್ ಸೇರಿದ್ದಾರೆ. ಊರಲ್ಲಿ ಫಾರ್ಮಸಿಸ್ಟ್ ಆಗಿದ್ದವರು ಅಲ್ಲಿ ಗೋದಾಮಿನಲ್ಲಿ ಪ್ಯಾಕಿಂಗ್ ಮಾಡುತ್ತಿದ್ದಾರೆ. 2027ರ ಮಾರ್ಚ್ ಆದಮೇಲೆ ವಾಪಸ್ ಕಳಿಸುತ್ತಾರಾ, ಅಷ್ಟರೊಳಗೆ ಜರ್ಮನಿಗೋ ಕೆನಡಾಕ್ಕೋ ಹೋಗುವುದು ಒಳ್ಳೆಯದಾ ಅಂತ ಅವರು ನಿಮ್ಮನ್ನು ಕೇಳುತ್ತಿದ್ದಾರೆ. ಕೊನೆಯಲ್ಲಿ ನಿಮ್ಮದೂ ಒಂದು ಪ್ರಶ್ನೆ: ನಾನೂ ಅಲ್ಲಿದ್ದವನೇ ತಾನೆ, ನನಗೂ ಈ ರಕ್ಷಣೆ ಸಿಗುತ್ತದಾ?

ನಾನು ವಕೀಲನಲ್ಲ. ಶಿವಮೊಗ್ಗದವನು, ಜರ್ಮನಿಯ ಲೈಪ್ಜಿಗ್‌ನಲ್ಲಿ ಸಾಫ್ಟ್‌ವೇರ್ ಕೆಲಸ. 2022ರ ಏಪ್ರಿಲ್‌ನಿಂದ ಶನಿವಾರ ಬೆಳಿಗ್ಗೆ ಉಕ್ರೇನಿನವರಿಗೆ ಅರ್ಜಿ ತುಂಬಿಕೊಡುವ ಕಡೆ ಹೋಗಿ ಕೂರುತ್ತೇನೆ. ಆ ಮೇಜಿನ ಮುಂದೆ ಕಂಡದ್ದರ ಮೇಲೆ ಹೇಳುವುದಾದರೆ, ಆಕೆ ಈಗ ದೇಶ ಬದಲಿಸುವುದು ಬೇಡ. ಬದಲಿಸಬೇಕಾದದ್ದು ವಾಸದ ಕಾರ್ಡನ್ನು, ಅದೂ ಈಗಿರುವ ಊರಿನಲ್ಲೇ.

ಈ ತಾರೀಕಿನ ಕಥೆ ಹೀಗಿದೆ. ಯುಗೊಸ್ಲಾವಿಯಾ ಒಡೆದು ಜನ ಗುಳೆ ಹೊರಟದ್ದನ್ನು ನೋಡಿದ ಮೇಲೆ ಯುರೋಪಿಯನ್ ಒಕ್ಕೂಟ 2001ರಲ್ಲಿ ತಾತ್ಕಾಲಿಕ ರಕ್ಷಣೆಯ ಕಾನೂನು ಮಾಡಿ ಬೀರುವಿನಲ್ಲಿಟ್ಟಿತ್ತು. ಇಪ್ಪತ್ತು ವರ್ಷ ಯಾರೂ ಮುಟ್ಟಲಿಲ್ಲ. 2022ರ ಮಾರ್ಚ್ 4ರಂದು ಮೊದಲ ಸಲ ಹೊರತೆಗೆದರು. ನಿರಾಶ್ರಿತರ ಅರ್ಜಿ, ವಿಚಾರಣೆ, ವರ್ಷಗಟ್ಟಲೆ ಕಾಯುವುದು ಯಾವುದೂ ಇಲ್ಲ. ಬಂದವರಿಗೆ ನೇರ ವಾಸದ ಹಕ್ಕು, ಕೆಲಸದ ಹಕ್ಕು, ಮಕ್ಕಳಿಗೆ ಶಾಲೆ. ಆಮೇಲೆ ವರ್ಷ ವರ್ಷ ಮುಂದೂಡುತ್ತಾ ಬಂದು, 2025ರ ಜುಲೈನಲ್ಲಿ 2027ರ ಮಾರ್ಚ್ 4ಕ್ಕೆ ತಂದು ನಿಲ್ಲಿಸಿದರು. ಆದರೆ ಆ ಸಲ ಮುಂದೂಡಿ ಸುಮ್ಮನಾಗಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಒಕ್ಕೂಟದ ದೇಶಗಳ ಮಂತ್ರಿಗಳ ಮಂಡಳಿ ಎಲ್ಲ ದೇಶಗಳಿಗೂ ಒಂದು ಶಿಫಾರಸು ಕಳಿಸಿತು: ಕೆಲಸ, ಓದು, ಕುಟುಂಬದ ಆಧಾರದ ಮೇಲೆ ಜನ ಮಾಮೂಲಿ ವಾಸದ ಪರವಾನಗಿಗೆ ದಾಟಿಕೊಳ್ಳಲು ಈಗಲೇ ದಾರಿ ಮಾಡಿ, ವಾಪಸ್ ಹೋಗಲು ಮನಸ್ಸಿದ್ದವರಿಗೂ ವ್ಯವಸ್ಥೆ ಮಾಡಿ, ಅಂತ. ಬಾಡಿಗೆ ಕರಾರು ನವೀಕರಿಸುತ್ತಲೇ ಮನೆ ಒಡೆಯ 'ಬೇರೆ ಮನೆ ನೋಡ್ತಾ ಇರಿ' ಅಂದ ಹಾಗೆ. ನಲವತ್ತು ಲಕ್ಷಕ್ಕೂ ಹೆಚ್ಚು ಜನ ಈ ರಕ್ಷಣೆಯಲ್ಲಿದ್ದಾರೆ. ಕೊನೆಯ ಮೂರು ತಿಂಗಳಲ್ಲಿ ಎಲ್ಲರೂ ಒಟ್ಟಿಗೆ ಕೌಂಟರ್‌ಗೆ ಹೋದರೆ ಏನಾಗುತ್ತದೆ ಅಂತ ನೀವೇ ಊಹಿಸಿ.

ಇನ್ನು ಪೋಲೆಂಡ್. ಅಲ್ಲಿ ಈ ರಕ್ಷಣೆಗೆ ಜನ ಹೇಳುವುದು 'ಪೆಸೆಲ್ ಯುಕೆಆರ್' ಅಂತ. ಪೆಸೆಲ್ ಅಂದರೆ ನಮ್ಮ ಆಧಾರ್ ತರಹದ ಹನ್ನೊಂದು ಅಂಕಿಯ ನಂಬರ್, ಯುಕೆಆರ್ ಅದಕ್ಕಂಟಿದ ಸ್ಥಾನಮಾನ. ನಂಬರ್ ಸಾಯುವವರೆಗೂ ಇರುತ್ತದೆ, ಆ ಮೂರಕ್ಷರ ಯಾವಾಗ ಬೇಕಾದರೂ ಹೋಗಬಹುದು. ಬಹಳ ಜನ ಎಡವುವುದು ಇಲ್ಲೇ. ಪೋಲೆಂಡ್ ಬಿಟ್ಟು ಮೂವತ್ತು ದಿನಕ್ಕಿಂತ ಹೆಚ್ಚು ಹೊರಗಿದ್ದರೆ ಯುಕೆಆರ್ ಹೋಗುತ್ತದೆ. ಬೇರೆ ಯುರೋಪಿಯನ್ ದೇಶದಲ್ಲಿ ಇದೇ ರಕ್ಷಣೆ ಪಡೆದರೂ ಹೋಗುತ್ತದೆ.

ಯುಕೆಆರ್‌ನಲ್ಲಿರುವವರಿಗೆಂದೇ ಪೋಲೆಂಡ್ ಮೂರು ವರ್ಷದ ವಾಸದ ಕಾರ್ಡೊಂದನ್ನು ಕಾನೂನಿನಲ್ಲಿ ತಂದಿದೆ; ಅದನ್ನು ಸಿಯುಕೆಆರ್ ಅನ್ನುತ್ತಾರೆ. ಆಕೆ ನೋಡಬೇಕಾದದ್ದು ಅದನ್ನು. ಅರ್ಜಿ ಹಾಕುವುದು ಆನ್‌ಲೈನ್‌ನಲ್ಲಿ. 2025ರ ಜೂನ್ 4ರಂದು ಯುಕೆಆರ್ ಸ್ಥಾನಮಾನ ಇದ್ದಿರಬೇಕು, ಅರ್ಜಿ ಹಾಕುವ ದಿನವೂ ಇರಬೇಕು, ನಡುವೆ ಎಲ್ಲೂ ಕಡಿಯದೆ ಕನಿಷ್ಠ 365 ದಿನ ಆಗಿರಬೇಕು. ಇಂಥದೇ ಕೆಲಸ ಅಂತಿಲ್ಲ, ಗೋದಾಮಾದರೂ ನಡೆಯುತ್ತದೆ. ಕಾರ್ಡ್ ಬಂದಮೇಲೆ ಆಕೆ ತಾತ್ಕಾಲಿಕ ರಕ್ಷಣೆಯಿಂದ ಹೊರಬಂದ ಹಾಗೆ. ಆಮೇಲೆ 2027ರ ಮಾರ್ಚ್‌ನಲ್ಲಿ ಮಂತ್ರಿಗಳು ಏನು ತೀರ್ಮಾನ ಮಾಡುತ್ತಾರೋ ಅಂತ ಟಿವಿ ಮುಂದೆ ಕೂರುವ ಅಗತ್ಯವಿಲ್ಲ.

ಹಾಗಾಗಿ ನೀವು ಆಕೆಯನ್ನು ಮೊದಲು ಕೇಳಬೇಕಾದ ಪ್ರಶ್ನೆ: ಅಮ್ಮನನ್ನು ನೋಡಲು ಖಾರ್ಕಿವ್‌ಗೆ ಹೋಗಿದ್ದಿರಾ, ಹೋಗಿದ್ದರೆ ಎಷ್ಟು ದಿನ ಇದ್ದಿರಿ? ಕಳೆದ ವರ್ಷ ನಮ್ಮಲ್ಲಿಗೆ ಬಂದ ಒಬ್ಬ ಹೆಂಗಸು ಮೊದಲು ಪೋಲೆಂಡಿನಲ್ಲಿದ್ದವರು. ತಾಯಿಗೆ ಸೊಂಟದ ಮೂಳೆ ಮುರಿಯಿತು ಅಂತ ಉಕ್ರೇನಿನ ಪೊಲ್ತಾವಾಕ್ಕೆ ಹೋಗಿ ಆರು ವಾರ ಉಳಿದಿದ್ದರು. ಹಿಂತಿರುಗಿದಾಗ ಸ್ಥಾನಮಾನ ಇರಲಿಲ್ಲ. ಅದು ಗೊತ್ತಾದದ್ದು ಮಕ್ಕಳ ಭತ್ಯೆ ನಿಂತ ಮೇಲೆ. ಪಾಸ್‌ಪೋರ್ಟ್‌ನಲ್ಲಿದ್ದ ಗಡಿಯ ಮುದ್ರೆಗಳನ್ನು ನಾವಿಬ್ಬರೂ ಬೆರಳಿಟ್ಟು ಎಣಿಸಿದೆವು. ನಲವತ್ತೊಂದು ದಿನ. ಇನ್ನೊಂದು ಸಲ ಎಣಿಸಿದರು, ಆಗಲೂ ನಲವತ್ತೊಂದೇ.

ಜರ್ಮನಿ ಯಾಕೆ ಬೇಡ ಅನ್ನುತ್ತೇನೆಂದರೆ, ಎರಡು ದೋಣಿಯ ಮೇಲೆ ಕಾಲಿಡಲು ಇಲ್ಲಿ ಆಗುವುದಿಲ್ಲ. ಬೇರೆ ದೇಶದಲ್ಲಿ ಬರೀ ಅರ್ಜಿ ಹಾಕಿದ್ದ ಕಾರಣಕ್ಕೆ ಕಾರ್ಡ್ ನಿರಾಕರಿಸುವ ಹಾಗಿಲ್ಲ ಅಂತ ಯುರೋಪಿಯನ್ ನ್ಯಾಯಾಲಯ 2025ರ ಫೆಬ್ರವರಿಯಲ್ಲಿ ಹೇಳಿತು, ನಿಜ. ಆದರೆ ಆಗಲೇ ಒಂದು ದೇಶದಲ್ಲಿ ರಕ್ಷಣೆ ಪಡೆಯುತ್ತಿರುವವರ ಅರ್ಜಿಯನ್ನು ಇನ್ನೊಂದು ದೇಶ ತಿರಸ್ಕರಿಸಬೇಕು ಅನ್ನುವ ಮಾತು ಅದೇ ವರ್ಷದ ಮುಂದೂಡಿಕೆಯಲ್ಲೇ ಇದೆ. ಜರ್ಮನಿ ತೆಗೆದುಕೊಂಡಿತು ಅಂತಲೇ ಇಟ್ಟುಕೊಳ್ಳಿ, ಇಲ್ಲಿ ಕೊಡುವುದೂ ಅದೇ ತಾತ್ಕಾಲಿಕ ರಕ್ಷಣೆ, ವಾಸ ಕಾನೂನಿನ 24ನೇ ಕಲಮಿನ ಕೆಳಗೆ. ತಾರೀಕೂ ಅದೇ, 2027ರ ಮಾರ್ಚ್ 4. ಪೋಲೆಂಡಿನಲ್ಲಿ ಆದ 365 ದಿನ ಮಾತ್ರ ನೀರಲ್ಲಿ ಹೋಮ. 24ನೇ ಕಲಮಿನ ಕಾರ್ಡ್ ಹಿಡಿದು ಇಲ್ಲಿ ಎಷ್ಟು ವರ್ಷ ಕಳೆದರೂ ಆ ಕಾರ್ಡಿನ ಮೇಲೆಯೇ ಪೌರತ್ವ ಕೇಳುವ ಹಾಗಿಲ್ಲ. ಮೊದಲು ಕೆಲಸದ ಅಥವಾ ಬೇರೆ ಪರವಾನಗಿಗೆ ದಾಟಲೇಬೇಕು. ಭಾಷೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಉಕ್ರೇನಿಯನ್ ಬಂದವರಿಗೆ ಪೋಲಿಷ್ ಅಂದರೆ ನಮಗೆ ತೆಲುಗು ಇದ್ದ ಹಾಗೆ, ಕಿವಿಗೆ ಬಿದ್ದದ್ದರಲ್ಲಿ ಅರ್ಧ ಗೊತ್ತಾಗುತ್ತದೆ. ಜರ್ಮನ್ ಹಾಗಲ್ಲ. ಹದಿನಾರರ ಹುಡುಗನನ್ನು ಈಗ ಎಬ್ಬಿಸಿ ತಂದು ಮತ್ತೆ ಮೊದಲಿನಿಂದ ಶುರುಮಾಡಿಸುವುದನ್ನು ನಾನಂತೂ ಮಾಡುವುದಿಲ್ಲ.

ಜರ್ಮನಿಯಲ್ಲಿ ಕಾಗದ ಸಲೀಸು ಅಂತ ಆಕೆಗೆ ಯಾರಾದರೂ ಹೇಳಿದ್ದರೆ, ಇಲ್ಲಿ ಸಾವಿರಾರು ಜನ ಅವಧಿ ಮುಗಿದ ತಾರೀಕಿರುವ ಕಾರ್ಡ್ ಹಿಡಿದು ಓಡಾಡುತ್ತಿದ್ದಾರೆ ಅನ್ನುವುದನ್ನೂ ತಿಳಿಸಿ. ಕಾರ್ಡಿನ ಮೇಲೆ '2024 ಮಾರ್ಚ್ 4' ಅಂತ ಅಚ್ಚಾಗಿರುತ್ತದೆ, ಆದರೆ ಸರ್ಕಾರ ಒಂದೇ ಆದೇಶದಲ್ಲಿ ಎಲ್ಲರದನ್ನೂ ಅರ್ಜಿಯಿಲ್ಲದೆ ಮುಂದುವರಿಸಿರುತ್ತದೆ, ಹೊಸ ಕಾರ್ಡ್ ಕೊಡುವುದಿಲ್ಲ. ಕಾನೂನಿನ ಪ್ರಕಾರ ಸರಿ. ಕೆಲಸ ಕೊಡುವವನ ಮುಂದೆ, ಬ್ಯಾಂಕಿನಲ್ಲಿ, ವಿಮಾನ ನಿಲ್ದಾಣದಲ್ಲಿ ಅದನ್ನು ವಿವರಿಸುವುದು ಮಾತ್ರ ಕಾರ್ಡಿದ್ದವರ ಪಾಡು. ಮಿಕೊಲಾಯಿವ್‌ನ ಒಬ್ಬ ಅಕೌಂಟೆಂಟ್ ಆದೇಶದ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಕಾರ್ಡಿನ ಹಿಂದೆಯೇ ಇಟ್ಟುಕೊಂಡಿರುತ್ತಾರೆ. ಮಡಿಕೆಯ ಗೆರೆಗಳೆಲ್ಲ ಹರಿದು ಸೆಲ್ಲೋಟೇಪ್ ಹಚ್ಚಿದ್ದರು, ನಾನೇ ಎರಡು ಸಲ ಹೊಸ ಪ್ರತಿ ತೆಗೆದುಕೊಟ್ಟಿದ್ದೇನೆ.

ಉಳಿದ ದೇಶಗಳ ಮಾತು ಬೇಗ ಮುಗಿಯುತ್ತದೆ. ಕೆನಡಾದ ವಿಶೇಷ ಯೋಜನೆಗೆ ಹೊರಗಿನಿಂದ ಅರ್ಜಿ ಹಾಕುವುದು 2023ರ ಜುಲೈ 15ಕ್ಕೇ ಮುಗಿಯಿತು. ಆಗ ವೀಸಾ ಸಿಕ್ಕವರೂ 2024ರ ಮಾರ್ಚ್ 31ರೊಳಗೆ ಅಲ್ಲಿಗೆ ಇಳಿದಿದ್ದರೆ ಮಾತ್ರ ಆ ಯೋಜನೆಯ ಸವಲತ್ತು. ಈಗ ಅದರ ಹೆಸರಲ್ಲಿ ಯಾರಾದರೂ ದುಡ್ಡು ಕೇಳಿದರೆ ಮೋಸ ಅಂತಲೇ ತಿಳಿಯಿರಿ. ಅಮೆರಿಕದಲ್ಲಿರುವವರು ಪ್ರಾಯೋಜಕರಾಗಿ ಉಕ್ರೇನಿನವರನ್ನು ಕರೆಸಿಕೊಳ್ಳುವ ಯೋಜನೆಗೆ 2025ರ ಜನವರಿಯಲ್ಲಿ ತಡೆ ಬಿತ್ತು. ಬ್ರಿಟನ್ನಿನಲ್ಲಿ ಆಗಲೇ ಇರುವವರಿಗೆ ವಿಸ್ತರಣೆ ಸಿಗುತ್ತಿದೆ, ಆದರೆ ಆ ವರ್ಷಗಳು ಅಲ್ಲಿ ಕಾಯಂ ನೆಲೆಸುವ ಲೆಕ್ಕಕ್ಕೆ ಸೇರುವುದಿಲ್ಲ. ಜೆಕ್ ದೇಶದಲ್ಲಿ ಐದು ವರ್ಷದ ವಿಶೇಷ ಕಾರ್ಡಿದೆ, ಅದಕ್ಕೆ ಮನೆಯ ವರ್ಷದ ಆದಾಯ 4,40,000 ಕೊರುನಾ ಬೇಕು, ಅವಲಂಬಿತರು ಒಬ್ಬೊಬ್ಬರಿಗೂ ಇನ್ನೂ 1,10,000. ಅದೂ ಅಲ್ಲೇ ಎರಡು ವರ್ಷ ರಕ್ಷಣೆಯಲ್ಲಿದ್ದವರಿಗೆ ಮಾತ್ರ.

ಈಗ ಆ ಹುಡುಗನ ಮಾತು. ತಾಯಿಯ ಪ್ರಶ್ನೆಯಲ್ಲಿ ಅವನು ಒಂದು ಸಾಲಿನಲ್ಲಿ ಬಂದು ಹೋಗಿದ್ದಾನೆ, ನನಗೆ ಎಲ್ಲಕ್ಕಿಂತ ಅವಸರದ್ದು ಅಂತ ಕಾಣುವುದು ಅದೇ. 2024ರ ನಿಯಮದಂತೆ ಉಕ್ರೇನಿನ 18ರಿಂದ 60ರ ಗಂಡಸರು ಹೊರದೇಶದ ಕಾನ್ಸುಲೇಟ್‌ನಲ್ಲಿ ಪಾಸ್‌ಪೋರ್ಟ್ ಮಾಡಿಸಬೇಕಾದರೆ ಸೇನಾ ನೋಂದಣಿಯ ದಾಖಲೆ ಸರಿಯಾಗಿರಬೇಕಿತ್ತು. 2024ರ ಏಪ್ರಿಲ್‌ನಲ್ಲಿ ಸೇವೆಯನ್ನೇ ನಿಲ್ಲಿಸಿದ್ದರು, ಮೇ 18ರಿಂದ ಹೊಸ ಕಾನೂನು ಬಂತು. 'ರೆಜೆರ್ವ್ ಪ್ಲಸ್' ಅನ್ನುವ ಆ್ಯಪ್‌ನಲ್ಲಿ ವಿವರ ತುಂಬುವುದು ಶುರುವಾದದ್ದೂ ಆಗಲೇ. ಹದಿನೆಂಟು ತುಂಬುವ ಮುಂಚೆ ಆ ತಾಪತ್ರಯ ಇಲ್ಲ. ಹದಿನಾರು ತುಂಬಿದವರಿಗೆ ಹತ್ತು ವರ್ಷದ ಪಾಸ್‌ಪೋರ್ಟ್ ಸಿಗುತ್ತದೆ. ಅದಕ್ಕೂ ಮೊದಲು ಮಾಡಿಸಿದ್ದರೆ ಅದು ನಾಲ್ಕೇ ವರ್ಷದ್ದು. 2022ರಲ್ಲಿ ಓಡಿ ಬಂದ ಮಕ್ಕಳಲ್ಲಿ ಎಷ್ಟೋ ಜನರ ಪಾಸ್‌ಪೋರ್ಟ್ ಮುಗಿದೇ ಹೋಗಿದೆ, ಯಾರೂ ನೋಡಿರುವುದಿಲ್ಲ. ಯಾವ ಕಾರ್ಡಿಗೆ ಅರ್ಜಿ ಹಾಕಿದರೂ ಮೊದಲು ಕೇಳುವುದು ಚಾಲ್ತಿಯಲ್ಲಿರುವ ಪಾಸ್‌ಪೋರ್ಟನ್ನೇ.

ಕಾಗದಗಳಲ್ಲಿ ಹೆಸರಿನ ಕಾಟ ಇನ್ನೊಂದು. ನಮ್ಮಲ್ಲಿ ಇನಿಷಿಯಲ್ ಬಿಡಿಸಿ ಬರೆಯುವಾಗ ಅಪ್ಪನ ಹೆಸರು ಮುಂದೆ ಬರಬೇಕೋ ಊರಿನ ಹೆಸರೋ ಅಂತ ಪಾಸ್‌ಪೋರ್ಟ್ ಕಚೇರಿಯಲ್ಲಿ ಒದ್ದಾಡುವುದಿಲ್ಲವೇ, ಅವರದೂ ಅದೇ ಅವಸ್ಥೆ. ಸೋವಿಯತ್ ಕಾಲದ ಜನನ ಪತ್ರದಲ್ಲಿ ರಷ್ಯನ್ನಿನಲ್ಲಿ ಯೆಲೇನಾ, ಪಾಸ್‌ಪೋರ್ಟ್‌ನಲ್ಲಿ ಉಕ್ರೇನಿಯನ್ ರೂಪ ಒಲೇನಾ. ಜರ್ಮನಿಯಲ್ಲಂತೂ ಪ್ರಮಾಣಿತ ಅನುವಾದಕರು ಲಿಪ್ಯಂತರದ ಒಂದು ನಿಯಮ ಹಿಡಿದು ಬರೆಯುತ್ತಾರೆ; ಯೂಲಿಯಾ ಅನ್ನುವ ಸೀದಾ ಹೆಸರು ತಲೆಮೇಲೆ ಟೋಪಿ ಇಟ್ಟುಕೊಂಡ ಅಕ್ಷರಗಳಲ್ಲಿ ಬಂದು ಕೂರುತ್ತದೆ. ನಾನೇ ಒಮ್ಮೆ ಎಡವಟ್ಟು ಮಾಡಿದ್ದೇನೆ. ಒಬ್ಬ ಶಿಕ್ಷಕಿಯ ಪದವಿ ಪತ್ರವನ್ನು ಅವಸರದಲ್ಲಿ ಅನುವಾದಕ್ಕೆ ಕಳಿಸಿದೆ, ಪಾಸ್‌ಪೋರ್ಟ್‌ನ ಪ್ರತಿ ಜೊತೆಗಿಡಲಿಲ್ಲ. ಅನುವಾದದಲ್ಲಿ ಬಂದ ಹೆಸರು ಪಾಸ್‌ಪೋರ್ಟ್‌ಗೆ ತಾಳೆಯಾಗಲಿಲ್ಲ. ಮಾನ್ಯತೆ ಕೊಡುವ ಕಚೇರಿ ಎರಡು ತಿಂಗಳು ಬಿಟ್ಟು ಕಡತ ಹಿಂದಕ್ಕೆ ಕಳಿಸಿತು, ದುಡ್ಡು ಇನ್ನೊಮ್ಮೆ ಕಟ್ಟಬೇಕಾಯಿತು. ಅವರು ಏನೂ ಅನ್ನಲಿಲ್ಲ, ಮುಂದಿನ ಶನಿವಾರ ಮನೆಯಲ್ಲಿ ಮಾಡಿದ ವರೇನಿಕಿ ತಂದರು. ಅದು ನಮ್ಮ ಕರಿಗಡುಬನ್ನು ಬೇಯಿಸಿದ ಹಾಗಿರುತ್ತದೆ, ಒಳಗೆ ಆಲೂಗಡ್ಡೆ. ತಿನ್ನುವಾಗ ಗಂಟಲಲ್ಲಿ ಇಳಿಯಲಿಲ್ಲ. ಆದ್ದರಿಂದ ಅನುವಾದಕ್ಕೆ ಯಾವ ಕಾಗದ ಕೊಟ್ಟರೂ ಪಾಸ್‌ಪೋರ್ಟ್‌ನ ಪ್ರತಿ ಮೇಲಿಟ್ಟು 'ಹೆಸರು ಇದರಲ್ಲಿದ್ದಂತೆ' ಅಂತ ಬರೆದುಕೊಡಲು ಹೇಳಿ.

ಫಾರ್ಮಸಿಸ್ಟ್ ಪದವಿಯ ಮಾನ್ಯತೆ ಪೋಲೆಂಡಿನಲ್ಲೂ ಉದ್ದದ ದಾರಿ, ಜರ್ಮನಿಯಲ್ಲೂ ಉದ್ದದ ದಾರಿ. ಅದಕ್ಕೋಸ್ಕರ ದೇಶ ಬದಲಿಸಿದರೆ ಲಾಭವಿಲ್ಲ. ಆದರೆ ಪದವಿ ಪತ್ರ, ಅಂಕಪಟ್ಟಿ, ಕೆಲಸ ಮಾಡಿದ ದಾಖಲೆ, ಇವುಗಳ ಅಸಲು ಪ್ರತಿ ಖಾರ್ಕಿವ್‌ನಲ್ಲಿ ಅಜ್ಜಿಯ ಬೀರುವಿನಲ್ಲಿದ್ದರೆ ಈಗಲೇ ತರಿಸಿಕೊಳ್ಳಲಿ. ಆ ಊರಿಗೆ ರಷ್ಯಾದ ಗಡಿ ಮೂವತ್ತು, ನಲವತ್ತು ಕಿಲೋಮೀಟರ್ ಅಷ್ಟೇ ಅನ್ನುವುದು ನಿಮಗೆ ನಾನು ಹೇಳಬೇಕಿಲ್ಲ.

ಇನ್ನು ನಿಮ್ಮ ವಿಷಯ. ಬೇಸರವಾಗಬಹುದು, ಆದರೆ ಸಿಗುವುದಿಲ್ಲ. ಈ ರಕ್ಷಣೆ ಇರುವುದು 2022ರ ಫೆಬ್ರವರಿ 24ಕ್ಕೆ ಮುಂಚೆ ಉಕ್ರೇನಿನಲ್ಲಿದ್ದ ಉಕ್ರೇನ್ ಪ್ರಜೆಗಳಿಗೆ, ಅಲ್ಲಿ ನಿರಾಶ್ರಿತರೆಂದು ಮಾನ್ಯರಾಗಿದ್ದವರಿಗೆ, ಅವರ ಕುಟುಂಬದವರಿಗೆ. ಸ್ವಂತ ದೇಶಕ್ಕೆ ಸುರಕ್ಷಿತವಾಗಿ ಮರಳಲಾಗದ ಕಾಯಂ ನಿವಾಸಿಗಳಿಗೂ ದಾರಿಯಿದೆ. ವಿದ್ಯಾರ್ಥಿ ಪರವಾನಗಿಯಲ್ಲಿದ್ದ ಹೊರದೇಶದವರನ್ನು ಸೇರಿಸುವುದು ಬಿಡುವುದು ಆಯಾ ದೇಶದ ಇಷ್ಟ. ನೆದರ್‌ಲ್ಯಾಂಡ್ಸ್ ಮೊದಲು ಸೇರಿಸಿಕೊಂಡು ಆಮೇಲೆ ಕೈಬಿಟ್ಟಿತು. ಹಾಗೆ ಕೈಬಿಡಬಹುದು ಅಂತ ಯುರೋಪಿಯನ್ ನ್ಯಾಯಾಲಯವೂ 2024ರ ಡಿಸೆಂಬರ್ 19ರಂದು ಹೇಳಿತು. ಜರ್ಮನಿಯ ತನ್ನಿಂತಾನೇ ಆಗುವ ವಿಸ್ತರಣೆಯಿಂದಲೂ ಅಂಥವರನ್ನು 2025ರಿಂದ ಹೊರಗಿಟ್ಟರು. ಮೇಲಾಗಿ ನಿಮಗೆ ಹಿಂತಿರುಗಲು ಊರಿತ್ತು, ನೀವು ಹಿಂತಿರುಗಿದಿರಿ. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ನಮ್ಮ ಹಾವೇರಿ ಕಡೆಯ ಹುಡುಗ ತೀರಿಕೊಂಡ ಸುದ್ದಿ ಬಂದ ದಿನ ನಾವು ಇಲ್ಲಿ ಆಫೀಸಿನಲ್ಲಿ ಕೆಲಸ ಬಿಟ್ಟು ಕೂತಿದ್ದೆವು. ನೀವು ಅದೇ ಊರಿನಿಂದ ಬಂದವರು ಅಂತ ಓದಿ ಅದೆಲ್ಲ ನೆನಪಾಯಿತು. ಜರ್ಮನಿಗೆ ವೈದ್ಯರಾಗಿಯೇ ಬರುವ ಮನಸ್ಸಿದ್ದರೆ ಭಾಷೆ ಮತ್ತು ಪದವಿ ಮಾನ್ಯತೆಯ ದಾರಿ ಬೇರೆಯೇ ಇದೆ. ಅದನ್ನು ಇನ್ನೊಂದು ಪ್ರಶ್ನೆಯಾಗಿ ಹಾಕಿ, ಉತ್ತರಿಸುತ್ತೇನೆ.

ಆಕೆಗೆ ಇವತ್ತೇ ಮೆಸೇಜ್ ಮಾಡಿ ಮೂರು ವಿಷಯ ಕೇಳಿ: ಮಗನ ಪಾಸ್‌ಪೋರ್ಟ್ ಯಾವ ತಾರೀಕಿಗೆ ಮುಗಿಯುತ್ತದೆ, 2025ರ ಜೂನ್ 4ರಂದು ಯುಕೆಆರ್ ಸ್ಥಾನಮಾನ ಇತ್ತಾ, ಅಮ್ಮನ ಹತ್ತಿರ ಹೋದಾಗ ಗಡಿ ದಾಟಿದ ಮುದ್ರೆಗಳು ಯಾವ ದಿನದವು. ಉತ್ತರ ಬಂದಮೇಲೆ ಇಲ್ಲೇ ಕೆಳಗೆ ಬರೆಯಿರಿ. ಪಾಸ್‌ಪೋರ್ಟ್ ನಂಬರ್ ಮಾತ್ರ ಹಾಕಬೇಡಿ, ತಾರೀಕು ಸಾಕು.